ರಾಜಿ ರೊಟ್ಟಿ

ಇವತ್ತು ಶನಿವಾರ. ಬೆಳಿಗ್ಗೆ ಹಂಚಿಗೆ ಹಾಕಿದ ಮೊದಲನೆಯ ರೊಟ್ಟಿಯೇ ಸೀದು ಹೋಯಿತು. ಜೋಳದ ಹಿಟ್ಟು ಸೀಯುವಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬೇಕು. ಹಸಿವನ್ನೂ ಹುಟ್ಟಿಸುತ್ತದೆ, ಬೈಗುಳವನ್ನೂ ತರುತ್ತದೆ. ಸೊಸೆ ಒಳಗಿನಿಂದಲೇ ಕೂಗಿದಳು: "ಮಾವಾರ, ಮತ್ತ ಏನ ಸುಡಾಕತ್ತೀರಿ?" ಆ 'ಮತ್ತ' ಎಂಬುದರಲ್ಲಿ ನನ್ನ ಎರಡು ವರ್ಷದ ಅಡುಗೆಯ ಚರಿತ್ರೆಯೆಲ್ಲ ಅಡಗಿದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಗಂಡಸು, ವಾರಕ್ಕೊಮ್ಮೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು ಯಾಕೆ ಎಂದು ಓಣಿಯವರೂ ಕೇಳುತ್ತಾರೆ. ನಾನು ಬಡಿಯುವವನು ಮಾತ್ರ. ಬೇಯಿಸುವವನು ಬೇರೆ ಇದ್ದಾನೆ, ಅವನಿನ್ನೂ ಬಂದಿರಲಿಲ್ಲ. ಎರಡೂ ಕೆಲಸ ಒಬ್ಬನೇ ಮಾಡಲು ಹೋದೆ, ಆಗಬೇಕಾದ್ದು ಆಯಿತು.

ಬೇಯಿಸುವವನ ಹೆಸರು ದೇವದಾನ. ಬೈಲಹೊಂಗಲದಲ್ಲಿ ನಮ್ಮ ಚರ್ಚಿನ ಹಿಂದಿನ ಓಣಿಯಲ್ಲಿ ನಮ್ಮಿಬ್ಬರ ಮನೆ. ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಅವನು ಬಸ್ ಕಂಡಕ್ಟರ್ ಆಗಿ ಕಿತ್ತೂರು, ಸವದತ್ತಿ, ರಾಮದುರ್ಗದ ರಸ್ತೆಗಳನ್ನೆಲ್ಲ ಸವೆಸಿ ಮನೆಗೆ ಬಂದವನು. ಇವತ್ತಿಗೂ ಚರ್ಚಿನ ಬೆಂಚಿನಲ್ಲಿ ಜಾಗ ಸಾಲದಿದ್ದರೆ ಆರಾಧನೆಯ ನಡುವೆಯೇ "ಒಳಗ ಸರೀರಿ, ಒಳಗ ಸರೀರಿ" ಎನ್ನುತ್ತಾನೆ. ನಮ್ಮ ಸಭಾಪಾಲಕರು ಮೊದಮೊದಲು ಬೆಚ್ಚಿಬೀಳುತ್ತಿದ್ದರು, ಈಗ ಅವನು ಮುಗಿಸುವವರೆಗೆ ಕಾಯುತ್ತಾರೆ. ನನ್ನ ಹೆಂಡತಿ ಸುಗುಣಾ ಇದ್ದಾಗ ದಿನಾ ಸಂಜೆ ಅವನ ಪಾಲಿನ ಚಹಾ ನಮ್ಮ ಮನೆಯ ಪಡಸಾಲೆಯಲ್ಲೇ ಆಗುತ್ತಿತ್ತು. "ನಿಮ್ಮಿಬ್ಬರ ಮಾತಿಗೆ ಚಹಾ ಸೋಸೋ ಜಾಳಿಗಿನೂ ತೂತು ಬಿತ್ತು ನೋಡ್ರಿ" ಎಂದು ಅವಳು ನಗುತ್ತಿದ್ದಳು.

ಅಂಥ ದೇವದಾನನ ಜೊತೆ ನಾನು ಮೂರು ವರ್ಷ ಒಂದು ಮಾತೂ ಆಡಲಿಲ್ಲ. ಕಾರಣ ಒಂದು ಕುಂಬಳಕಾಯಿ. ನಗಬೇಡಿ, ಪೂರ್ತಿ ಕೇಳಿ.

ಸುಗುಣಾ ಆ ವರ್ಷ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೀರು ಹರಿದು ಹೋಗುವ ಜಾಗದಲ್ಲಿ, ಕುಂಬಳದ ಬೀಜ ಊರಿದ್ದಳು. "ಈ ಸಲ ಕಾಯಿ ಬಂದ್ರ ಗಾರಗಿ ಮಾಡ್ತೇನಿ" ಎಂದಿದ್ದಳು. ಕುಂಬಳಕಾಯಿ ತುರಿದು, ಬೆಲ್ಲ ಸೇರಿಸಿ ಬೇಯಿಸಿ, ಹಿಟ್ಟು ಕಲಸಿ, ತಟ್ಟಿ ಎಣ್ಣೆಯಲ್ಲಿ ಕರಿಯುವ ಗಾರಗಿ. ಅವಳು ಕರಿಯಲು ಕೂತರೆ ಡಬ್ಬಿ ತುಂಬುವುದರೊಳಗೆ ನಾನು ಅರ್ಧ ಖಾಲಿ ಮಾಡುತ್ತಿದ್ದೆ. ಬಳ್ಳಿ ಹಬ್ಬಿತು, ಹೂ ಬಿಟ್ಟಿತು. ಕಾಯಿ ಕಚ್ಚುವ ಮೊದಲೇ ಅವಳಿಗೆ ಜ್ವರ ಬಂತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದವಳು ಮನೆಗೆ ನಡೆದು ಬರಲಿಲ್ಲ. ಬಳ್ಳಿಗೆ ಇದೆಲ್ಲ ಏನು ಗೊತ್ತು? ಅದು ತನ್ನ ಪಾಡಿಗೆ ಒಂದೇ ಒಂದು ಕಾಯಿ ಹಿಡಿದು, ದಿನಾ ಅದನ್ನು ದೊಡ್ಡದು ಮಾಡುತ್ತ ಕೂತಿತು. ನಾನು ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಕೊಯ್ಯಲು ಮನಸ್ಸಾಗಲಿಲ್ಲ, ಬಳ್ಳಿಯಲ್ಲೇ ಕೊಳೆಯಲು ಬಿಡುವುದಕ್ಕೂ ಆಗಲಿಲ್ಲ. ಕೊನೆಗೆ ಸುಗ್ಗಿ ಹಬ್ಬಕ್ಕೆ ಚರ್ಚಿಗೆ ಕೊಟ್ಟೆ.

ನಮ್ಮ ಸುಗ್ಗಿ ಹಬ್ಬದ ರೂಢಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೆಳೆದದ್ದರಲ್ಲಿ ಒಂದಿಷ್ಟನ್ನು ಎಲ್ಲರೂ ತಂದು ವೇದಿಯ ಮುಂದೆ ಇಡುತ್ತಾರೆ. ಜೋಳದ ತೆನೆ, ಕೋಳಿ, ಬೆಲ್ಲ, ಮೆಣಸಿನಕಾಯಿ. ಯಾವುದು ಯಾರದೆಂದು ಹೇಳುವುದಿಲ್ಲ. ದೇವರ ಮುಂದೆ ಇಟ್ಟ ಮೇಲೆ ಅದು ಯಾರದೂ ಅಲ್ಲ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲವನ್ನೂ ಸವಾಲು, ಅಂದರೆ ಹರಾಜು, ಹಾಕುತ್ತಾರೆ. ಬಂದ ಹಣ ಚರ್ಚಿಗೆ. ಗೆಳೆಯರು ಬೇಕಂತಲೇ ಗೆಳೆಯರ ಮೇಲೆ ಸವಾಲು ಏರಿಸಿ ಸತಾಯಿಸುವುದೇ ಹಬ್ಬದ ಮಜಾ.

ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ದೇವರಿಗೂ ಕೊಟ್ಟಂತಾಯಿತು, ಸವಾಲಿನಲ್ಲಿ ನಾನೇ ಹಿಡಿದರೆ ಮನೆಗೂ ಬಂದಂತಾಯಿತು. ಕುಂಬಳಕಾಯಿ ಎತ್ತಿ ತೋರಿಸಿದ ಕೂಡಲೇ ಕೂಗಿದೆ. ಹಿಂದಿನಿಂದ ದೇವದಾನ ಏರಿಸಿದ. ನಾನು ಏರಿಸಿದೆ, ಅವನು ಮತ್ತೆ ಏರಿಸಿದ. "ಮಾಸ್ತರ ಕಣ್ಣ ಹಾಕ್ಯಾನಂದ್ರ ಕಾಯಿ ಚಲೋ ಇರಬೇಕು. ಬಿಡೂ ಮಾತಲ್ಲ!" ಎಂದ. ಜನ ನಕ್ಕರು. ಒಂದು ಹಂತದಲ್ಲಿ ಮುಂದಿನ ಅಂಕಿ ಬಾಯಿಂದ ಹೊರಡಲೇ ಇಲ್ಲ. ಅವನು ಕುಸ್ತಿ ಗೆದ್ದವನು ಗದೆ ಹೊರುವ ಹಾಗೆ ಅದನ್ನು ಹೆಗಲ ಮೇಲಿಟ್ಟುಕೊಂಡು ಅಂಗಳ ಸುತ್ತಿದ. ನಾನು ಊಟಕ್ಕೂ ನಿಲ್ಲದೆ ಮನೆಗೆ ಬಂದೆ.

ಮರುದಿನ ಸಂಜೆ ಅವನು ಬಂದಾಗ ಬಾಗಿಲು ತೆಗೆಯಲಿಲ್ಲ. ಅದರ ಮರುದಿನವೂ ತೆಗೆಯಲಿಲ್ಲ. ಆಮೇಲೆ ಅವನು ಬರುವುದನ್ನು ಬಿಟ್ಟ. ಚಹಾದ ಅಂಗಡಿಯಲ್ಲಿ "ಒಂದ ಕುಂಬಳಕಾಯಿ ಸಲುವಾಗಿ ಮಾಸ್ತರ ಮಾತ ಬಿಟ್ಟಾನ್ರಿ" ಎಂದನಂತೆ. ಆ ಮಾತು ಓಣಿ ಸುತ್ತಿ ನನ್ನ ಕಿವಿಗೆ ಬಂತು. ಒಂದ ಕುಂಬಳಕಾಯಿ! ಅದು ಯಾರು ನೆಟ್ಟ ಬಳ್ಳಿಯದೆಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ, ನನ್ನ ಮನೆಯಲ್ಲಿ ಅವನಿಗೆ ಗೊತ್ತಿಲ್ಲದ್ದು ಏನಿದೆ ಎಂದು ನಾನು ಹಟ ಹಿಡಿದು ಕೂತೆ.

ಇಬ್ಬರೂ ಚರ್ಚಿನ ಸೇವಾ ತಂಡದಲ್ಲಿದ್ದೆವು. ಅದನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಬಿಟ್ಟರೆ ಸೋತಂತೆ ಎಂಬ ಭಾವನೆ ಇರಬೇಕು. ತಂಡ ನಡೆಸುವವರು ಗ್ರೇಸಮ್ಮ, ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಇಂಜೆಕ್ಷನ್ ಕೊಡುವವರ ಧಾಟಿಯಲ್ಲೇ ಎಲ್ಲರಿಗೂ ಕೆಲಸ ಕೊಡುತ್ತಾರೆ, ಬೇಡ ಎನ್ನಲು ಸಮಯವೇ ಸಿಗುವುದಿಲ್ಲ. ನಮ್ಮಿಬ್ಬರ ನಡುವಿನ ಮಾತುಗಳೆಲ್ಲ ಅವರ ಮೂಲಕವೇ ಹೋಗಿ ಬರುತ್ತಿದ್ದವು.

ಎರಡು ವರ್ಷದ ಹಿಂದಿನ ಒಂದು ಶನಿವಾರ ಗ್ರೇಸಮ್ಮ ನಮ್ಮನ್ನು ಉಗರಗೋಳದ ಕಡೆಗಿರುವ ಒಂದು ಶಾಲೆಗೆ ಕರೆದುಕೊಂಡು ಹೋದರು. ಹಲವು ಧರ್ಮದ ಮನೆಗಳವರು ಸೇರಿ ಕಟ್ಟಿದ ಪುಟ್ಟ ಶಾಲೆ. ಮಕ್ಕಳು ಶಾಂತಿಯಿಂದ ಕೂಡಿ ಬಾಳುವುದನ್ನು ಕಲಿಯಲಿ ಎಂಬುದೇ ಅದರ ಉದ್ದೇಶ. ಕಂಪೌಂಡು ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಕೆಲಸ. ಕೊನೆಗೆ ಮಕ್ಕಳಿಗೆ ಶಾಂತಿಯ ಬಗ್ಗೆ ನಾಲ್ಕು ಮಾತು ಹೇಳುವುದು ನನ್ನೊಬ್ಬನ ಕೆಲಸ. ಭಾಷಣ ಎಂದರೆ ನನಗೆ ಹುಚ್ಚು, ವಾರ ಮೊದಲೇ ಬರೆದು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದ್ದೆ.

ಟ್ರ್ಯಾಕ್ಸ್ ಜೀಪಿಗೆ ಎಲ್ಲರೂ ಹತ್ತಿದ ಮೇಲೆ ಉಳಿದದ್ದು ದೇವದಾನನ ಪಕ್ಕದ ಜಾಗ. ನಾನು ಕೆಳಗೇ ನಿಂತೆ. ಗ್ರೇಸಮ್ಮ, "ಕಂಡಕ್ಟರ್ ಸಾಹೇಬ್ರ, ಒಳಗ ಸರೀರಿ" ಎಂದರು. ಅವನು ಸರಿದ. ಸವದತ್ತಿಯವರೆಗೂ ಅವನು ಎಡಗಡೆಯ ಹೊಲ ನೋಡಿದ, ನಾನು ಬಲಗಡೆಯ ಹೊಲ ನೋಡಿದೆ. ಊರು ದಾಟಿದ ಮೇಲೆ ದೇವಿಯ ಗುಡ್ಡಕ್ಕೆ ಹರಕೆಯಿಂದ ನಡೆದು ಹೋಗುವವರು ಕಂಡರು, ಹಣೆ ತುಂಬ ಅರಿಷಿಣದ ಭಂಡಾರ, ತಲೆಯ ಮೇಲೆ ಬುತ್ತಿಯ ಗಂಟು. ಡ್ರೈವರ್ ಹಾರ್ನ್ ಹೊಡೆಯದೆ ಅವರ ಹಿಂದೆಯೇ ನಿಧಾನಕ್ಕೆ ಬಿಟ್ಟ.

ಶಾಲೆಯ ಮುಖ್ಯಸ್ಥೆ ನೀಲವ್ವ ಅಕ್ಕೋರು ಬಾಗಿಲಲ್ಲೇ ಇದ್ದರು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಮಾತು ಕಡಿಮೆ. ನಾವು ಹೋದಾಗ ಪ್ರಾರ್ಥನೆಯ ಹೊತ್ತು. ಎಲ್ಲ ಧರ್ಮಗಳ ಹೆಸರು ಸೇರಿಸಿ ಕಟ್ಟಿದ ಹಾಡೊಂದನ್ನು ಹಾಡಿಸುತ್ತಾರೆಂದು ನಾನು ಕಾದಿದ್ದೆ. ಹಾಗೇನೂ ಇರಲಿಲ್ಲ. ದಿನಕ್ಕೆ ಒಂದು ಮಗು ಮುಂದೆ ಬಂದು ತನ್ನ ಮನೆಯಲ್ಲಿ ಹೇಗೆ ಪ್ರಾರ್ಥಿಸುತ್ತಾರೋ ಹಾಗೆ ಪ್ರಾರ್ಥಿಸುತ್ತದೆ. ಉಳಿದವರು ಸುಮ್ಮನೆ ಕೇಳುತ್ತಾರೆ. ಅವತ್ತು ಒಬ್ಬ ಹುಡುಗಿ ಬುದ್ಧನ ಮುಂದೆ ತನ್ನ ಅಜ್ಜಿ ಹೇಳುವುದನ್ನು ಹೇಳಿದಳು. ನಡುವೆ ಒಂದು ಸಾಲು ಮರೆತಳು. ಯಾರೂ ನಗಲಿಲ್ಲ, ನೆನಪಾಗುವವರೆಗೆ ಎಲ್ಲರೂ ಕಾದರು. ಮಕ್ಕಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡಿರಲಿಲ್ಲ.

ಸುಣ್ಣದ ಕೆಲಸಕ್ಕೆ ಇದ್ದದ್ದು ಒಂದೇ ಏಣಿ. ಗ್ರೇಸಮ್ಮ ದೇವದಾನನನ್ನು ಮೇಲೆ ಹತ್ತಿಸಿ ನನ್ನನ್ನು ಏಣಿ ಹಿಡಿಯಲು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ನನ್ನ ತಲೆಯ ಮೇಲೆ ಸುಣ್ಣ ಬಿತ್ತು.

"ಗ್ರೇಸಮ್ಮ, ಮ್ಯಾಲಿನವರಿಗೆ ಹೇಳ್ರಿ, ಗ್ವಾಡಿ ಆ ಕಡೆ ಐತಿ ಅಂತ" ಎಂದೆ.

ಮೇಲಿನಿಂದ ಉತ್ತರ ಬಂತು: "ಗ್ರೇಸಮ್ಮ, ಕೆಳಗಿನವರಿಗೆ ಹೇಳ್ರಿ, ಏಣಿ ಅಳಗ್ಯಾಡಿದ್ರ ಹಂಗ ಆಗೂದು ಅಂತ."

ಗ್ರೇಸಮ್ಮ ಅಂಗಳದ ಆ ತುದಿಯಲ್ಲಿ ಬಕೆಟ್ಟಿಗೆ ನೀರು ತುಂಬುತ್ತಿದ್ದರು. ಅವರಿಗೆ ನಮ್ಮ ಮಾತು ಕೇಳಿಸಿರಲೂ ಇಲ್ಲ. ಬ್ರಷ್ ತೊಳೆಯುತ್ತಿದ್ದ ಒಬ್ಬ ಹುಡುಗಿ ಮಾತ್ರ ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡುತ್ತಿದ್ದಳು. ಅವಳ ಹೆಸರು ಶಬಾನಾ ಎಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ನನ್ನ ಭಾಷಣ. ಕೂದಲಲ್ಲಿ ಸುಣ್ಣ ಇಟ್ಟುಕೊಂಡೇ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. ಶಾಂತಿ ದೊಡ್ಡ ದೊಡ್ಡ ಸಭೆಗಳಲ್ಲಿ ಹುಟ್ಟುವುದಿಲ್ಲ, ಪಕ್ಕದವನ ಕಡೆ ನಾವು ತಿರುಗುವುದರಲ್ಲಿ ಹುಟ್ಟುತ್ತದೆ ಎಂದೆ. ಮುನಿಸಿಕೊಂಡವರಲ್ಲಿ ಮೊದಲು ಮಾತಾಡುವವನೇ ದೊಡ್ಡವನು ಎಂದೆ. ಹಿಂದಿನ ಸಾಲಿನಲ್ಲಿ ದೇವದಾನ ಕೆಮ್ಮಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಏನಾದರೂ ಕೇಳುವುದಿದ್ದರೆ ಕೇಳಿ ಎಂದು, ನಲವತ್ತು ನಿಮಿಷದ ಪಾಠ ಮುಗಿಸಿದ ಹಳೇ ಚಾಳಿಯಲ್ಲಿ, ಹೇಳಿಬಿಟ್ಟೆ. ಶಬಾನಾ ಎದ್ದು ನಿಂತಳು.

"ಅಜ್ಜಾರ, ನೀವು ಆ ಅಜ್ಜಾರ ಕೂಡ ಟೂ ಬಿಟ್ಟೀರೇನ್ರಿ?"

ನಾನು ಭಾಷಣದ ಕಾಗದ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ನಮ್ಮ ತಂಡದವರೆಲ್ಲ ಒಮ್ಮೆಲೇ ಹೊಸ ಸುಣ್ಣದ ಗೋಡೆಯನ್ನು ನೋಡತೊಡಗಿದರು. ಮಕ್ಕಳಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. ಎಲ್ಲ ಮೂಲೆಯಿಂದಲೂ "ರಾಜಿ ರೊಟ್ಟಿ! ರಾಜಿ ರೊಟ್ಟಿ!" ಎಂಬ ಕೂಗು ಎದ್ದಿತು.

ನೀಲವ್ವ ಅಕ್ಕೋರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ತಪ್ಪ ತಿಳ್ಕೋಬ್ಯಾಡ್ರಿ ಸರ್. ಇದು ನಮ್ಮ ಸಾಲಿ ರೂಢಿ. ಮೊದಲನೇ ವರ್ಷ ಅಡಗಿ ಮಾಡೋ ಇಬ್ಬರು ಹೆಣ್ಣಮಕ್ಕಳು ಜಗಳಾಡಿ ಮಾತ ಬಿಟ್ಟಿದ್ರು. ಒಬ್ಬಾಕಿ ಬಡಿಯಾಕಿ, ಒಬ್ಬಾಕಿ ಬೇಸಾಕಿ. ಹುಡುಗರ ಹೊಟ್ಟಿ ಕೇಳಬೇಕಲ್ರಿ, ರೊಟ್ಟಿ ಮಾಡಾಕ ಕುಂತ್ರು. ಮಾತಿಲ್ಲದ ರೊಟ್ಟಿ ಆಗಂಗಿಲ್ಲ. ತಗೋ ಅನಬೇಕು, ತಡಿ ಅನಬೇಕು, ನೀರ ಹಚ್ಚು ಅನಬೇಕು. ಬುಟ್ಟಿ ತುಂಬೂದರಾಗ ಇಬ್ಬರೂ ನಕ್ಕೋತ ಕುಂತಿದ್ರು. ಅವತ್ತಿನಿಂದ ಯಾರ ಟೂ ಬಿಟ್ಟರೂ ಅವರಿಬ್ಬರೂ ಕೂಡಿ ಒಂದ ರೊಟ್ಟಿ ಮಾಡಬೇಕು."

"ಯಾರದು ತಪ್ಪಂತ ನೀವು ವಿಚಾರಸಂಗಿಲ್ಲೇನ್ರಿ?" ಎಂದು ಕೇಳಿದೆ, ಮಾತನ್ನು ಸ್ವಲ್ಪ ಎಳೆಯಲು.

"ಇಲ್ಲ ಸರ್. ಕಾರಣ ಯಾರೂ ಕೇಳಂಗಿಲ್ಲ. ರೊಟ್ಟಿ ಆಗಬೇಕು, ಅಷ್ಟ. ಬರ್ರಿ ಇಬ್ಬರೂ, ಒಲಿ ಆರೂದರಾಗ."

ಹೀಗೆ ಇಬ್ಬರು ಮುದುಕರನ್ನು ಅಡುಗೆಮನೆಗೆ ಕಳಿಸಿ, ರೂಢಿಯ ಪ್ರಕಾರ ಎಲ್ಲರೂ ಹೊರಗೆ ಹೋದರು. ಭಾಷಣ ಮಾಡಿದ ಅಜ್ಜಾರು ಬಡಿಯಲಿ ಎಂದು ಶಬಾನಾ ಹೋಗುವಾಗ ತೀರ್ಪು ಕೊಟ್ಟಳು. ದೇವದಾನ ಒಲೆಯ ಮುಂದೆ ಕುಂತ. ನಾನು ಹಿಟ್ಟಿನ ಉಂಡೆ ಮುಂದಿಟ್ಟುಕೊಂಡು ಅದನ್ನೇ ನೋಡುತ್ತ ಕುಂತೆ. ಹುಟ್ಟಿದಾರಭ್ಯ ರೊಟ್ಟಿ ತಿಂದವನು, ಸುಗುಣಾ ಬಡಿಯುವ ಸದ್ದಿಗೇ ದಿನಾ ಎದ್ದವನು, ಅವಳ ಕೈ ಹೇಗೆ ತಿರುಗುತ್ತಿತ್ತು ಎಂಬುದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಬಡಿದೆ. ರಾಮದುರ್ಗ ತಾಲೂಕಿನ ನಕಾಶೆಯಂಥದ್ದೊಂದು ಆಕಾರ ಬಂತು. ಎತ್ತಲು ಹೋದರೆ ನಡುವೆ ಹರಿಯಿತು. ಮತ್ತೆ ಮುದ್ದೆ ಮಾಡಿ, ಹಿಟ್ಟು ಉದುರಿಸಿ, ಬಡಿದೆ.

"ಅಂಚ ದಪ್ಪ ಆಗೈತಿ" ಎಂದ ದೇವದಾನ, ಒಲೆಯ ಕಡೆ ನೋಡುತ್ತ.

"ಗ್ರೇಸಮ್ಮ ಇಲ್ಲಿ ಇಲ್ಲ. ಯಾರಿಗೆ ಹೇಳಾಕತ್ತಿ?"

"ನಿನಗ ಹೇಳಾಕತ್ತೇನಿ."

ಮೂರು ವರ್ಷದ ಮೇಲೆ ನಮ್ಮಿಬ್ಬರ ನಡುವೆ ನೇರವಾಗಿ ಆಡಿದ ಮೊದಲ ಮಾತು ಅದು. ಅಂಚು ತೆಳ್ಳಗೆ ಮಾಡಿದೆ. "ತಗೋ" ಎಂದೆ. ಅವನು ಎರಡೂ ಕೈ ಚಾಚಿ, ಎಳೆಗೂಸನ್ನು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು ಹಂಚಿಗೆ ಹಾಕಿದ. ಅರಿವೆಯಿಂದ ನೀರು ಹಚ್ಚಿದ. ಹಚ್ಚುತ್ತಲೇ ಕೇಳಿದ: "ಅವತ್ತ ಊಟಕ್ಕರ ನಿಲ್ಲಬೇಕಿಲ್ಲೇನಲೇ? ಒಂದ ಕಾಯಿ ಹ್ವಾದ್ರ ಏನಾತು?"

"ಆ ಕಾಯಿ ಸುಗುಣಾ ಹಚ್ಚಿದ ಬಳ್ಳೀದು."

ಅವನ ಕೈ ಅಲ್ಲಿಯೇ ನಿಂತಿತು. ರೊಟ್ಟಿ ಸೀಯುವ ವಾಸನೆ ಬಂತು. ತಿರುವಿ ಹಾಕುವುದು ಇಬ್ಬರಿಗೂ ನೆನಪಾಗಲಿಲ್ಲ.

"ನನಗ ಗೊತ್ತಿರಲಿಲ್ಲೋ ಮಾಸ್ತರ" ಎಂದ. "ದೇವರಾಣಿ ಗೊತ್ತಿರಲಿಲ್ಲ. ಬಂದಾಗೆಲ್ಲ ಪಡಸಾಲ್ಯಾಗ ಕುಂತ ಎದ್ದ ಹ್ವಾದವ ನಾ, ಹಿತ್ತಲದಾಗ ಬಳ್ಳಿ ಐತಿ ಅಂತ ಹೆಂಗ ಗೊತ್ತಾಗಬೇಕು? ನೀ ಯಾಕ ಹೇಳಲಿಲ್ಲ?"

"ಹೇಳಾಕ ಬರಲಿಲ್ಲ."

"ಊರಿಗೆಲ್ಲ ಭಾಷಣ ಮಾಡ್ತಿ."

ಅದು ನಿಜವೇ. ಆಮೇಲೆ, ಇಷ್ಟು ದಿನ ಕೇಳಲು ಹೆದರುತ್ತಿದ್ದ ಮಾತನ್ನು ಕೇಳಿಬಿಟ್ಟೆ. "ಏನ ಮಾಡಿದ್ರಿ ಅದನ್ನ?"

"ನಮ್ಮಾಕಿ ಗಾರಗಿ ಮಾಡಿದ್ಲು."

"ಹೆಂಗಿದ್ದವು?"

ದೇವದಾನನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಬೆಂಕಿಯನ್ನು ನೋಡುತ್ತ ಹೇಳಿದ: "ಭಾಳ ಚಲೋ ಇದ್ದವೋ. ಬೆಲ್ಲಾನ ಬ್ಯಾಡಾಗಿತ್ತು, ಅಷ್ಟ ಸಿಹಿ ಇತ್ತು ಕಾಯಿ. ಅಂಥಾ ಗಾರಗಿ ನಾ ಆಮ್ಯಾಲ ತಿಂದಿಲ್ಲ."

"ಬೀಜಾ ಅರ ಇಟ್ಟೀರೇನು?"

ಅವನ ಮುಖ ಇನ್ನೂ ಸಣ್ಣದಾಯಿತು. "ಇಲ್ಲೋ. ಉಪ್ಪ ಹಚ್ಚಿ ಹುರದ್ಲು. ಮೊಮ್ಮಕ್ಕಳು ತಿಂದ್ವು." ಒಲೆಯ ಕೊಳ್ಳಿ ಸರಿಸುತ್ತ, "ನಾನೂ ತಿಂದೆ" ಎಂದ.

ನನಗೆ ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಅವಳು ಸತ್ತ ದಿನ ಬಾರದ ಅಳು ಯಾರದೋ ಅಡುಗೆಮನೆಯಲ್ಲಿ, ಹಿಟ್ಟಿನ ಕೈಯಲ್ಲಿ, ಬಂದುಬಿಟ್ಟಿತು. ನನ್ನ ಕುಂಬಳಕಾಯಿಯನ್ನು ಇವನು ಕಿತ್ತುಕೊಂಡು ಹೋದ ಎಂದಷ್ಟೇ ಮೂರು ವರ್ಷ ಯೋಚಿಸಿದ್ದೆ. ಅದು ಏನಾಯಿತು ಎಂದು ಯೋಚಿಸಿಯೇ ಇರಲಿಲ್ಲ. ಗಾರಗಿ ಮಾಡುತ್ತೇನೆ ಎಂದು ಸುಗುಣಾ ಹೇಳಿದ್ದಳು. ಗಾರಗಿ ಆಗಿತ್ತು. ಸಿಹಿಯಾಗಿತ್ತು. ಅವಳು ದಿನಾ ಚಹಾ ಕೊಡುತ್ತಿದ್ದ ಮನುಷ್ಯ ಅದನ್ನು ಬಾಯಿ ಚಪ್ಪರಿಸಿ ತಿಂದಿದ್ದ. ನಾನು ಆ ಕಾಯನ್ನು ಮನೆಗೆ ತಂದಿದ್ದರೆ ಕಪಾಟಿನ ಮೇಲಿಟ್ಟು ದಿನಾ ನೋಡುತ್ತ, ಅದು ಕೊಳೆತು ನೀರಾಗುವವರೆಗೂ ನೋಡುತ್ತಲೇ ಇರುತ್ತಿದ್ದೆ.

ದೇವದಾನ ಎದ್ದು ಬಂದು ನನ್ನ ಪಕ್ಕ ಕುಂತ. ಒದ್ದೆ ಕೈಯನ್ನು ನನ್ನ ಬೆನ್ನ ಮೇಲಿಟ್ಟ. ಅವನೂ ಅಳುತ್ತಿದ್ದ. "ಚಾದ ಹೊತ್ತಾದ್ರ ಈಗೂ ಕಾಲು ನಿಮ್ಮನಿ ಕಡೆ ತಿರಗತಾವಲೇ" ಎಂದ.

ರೊಟ್ಟಿ ಹೊರಗೆ ತಂದಾಗ ಒಂದು ಮಗ್ಗುಲು ಕರಕಲಾಗಿತ್ತು. ಮಕ್ಕಳು ಅದನ್ನು ಗಂಭೀರವಾಗಿ ಪರೀಕ್ಷಿಸಿ, ನಡೆಯುತ್ತದೆ ಎಂದರು. ಒಬ್ಬರು ಮುರಿಯಬೇಕು, ಇನ್ನೊಬ್ಬರು ತಮ್ಮ ಪಾಲನ್ನು ಮೊದಲು ಆರಿಸಿಕೊಳ್ಳಬೇಕು. ದೇವದಾನ ಮುರಿದ. ನಾನು ಸೀದ ಅರ್ಧಕ್ಕೆ ಕೈ ಹಾಕಿದೆ. ಅವನು ಬಿಡಲಿಲ್ಲ. "ಸುಟ್ಟಾವ ನಾ, ನಾ ತಿಂತೇನಿ." "ರೂಢಿ ಪ್ರಕಾರ ನಾ ಆರಸಬೇಕು, ಬಿಡು." ಇಬ್ಬರೂ ಎಳೆದಾಡಿದೆವು.

"ಅಜ್ಜಾರ, ಇನ್ನೊಂದ ರೊಟ್ಟಿ ಮಾಡಬೇಕಾಗತೈತಿ ನೋಡ್ರಿ" ಎಂದಳು ಶಬಾನಾ.

ತಿರುಗಿ ಬರುವಾಗ ಟ್ರ್ಯಾಕ್ಸಿನಲ್ಲಿ ನಾವು ಆಡಿದ ಮಾತಿಗೆ ಮುಂದೆ ಕುಳಿತ ಗ್ರೇಸಮ್ಮ ಎರಡು ಸಲ ಕಿವಿ ಮುಚ್ಚಿಕೊಂಡರು. ಶಾಲೆಯ ಈ ರೂಢಿ ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾವು ಆ ಮಕ್ಕಳಿಗೆ ಶಾಂತಿ ಕಲಿಸಲು ಹೋಗಿದ್ದೆವು. ಕೊಟ್ಟು ಬಂದದ್ದು ಒಂದು ಗೋಡೆಯ ಸುಣ್ಣ, ತಂದದ್ದು ನನ್ನ ಗೆಳೆಯನನ್ನು. ಆ ಶಾಲೆಯ ಋಣ ದೊಡ್ಡದು. ತೀರಿಸಲು ನನ್ನ ಕೈಲಾಗುವುದಿಲ್ಲ, ತೀರಲಿ ಎಂಬ ಆಸೆಯೂ ಇಲ್ಲ.

ಅಂದಿನಿಂದ ಶನಿವಾರದ ರೊಟ್ಟಿ ನಡೆದು ಬಂದಿದೆ. ಸಂತೆಯಿಂದ ಬೀಜ ತಂದು ಒಗೆಯುವ ಕಲ್ಲಿನ ಪಕ್ಕ ಅದೇ ಜಾಗದಲ್ಲಿ ಊರಿದೆ. ಮೊದಲ ವರ್ಷ ಬರೀ ಹೂ ಬಿಟ್ಟು ಸುಮ್ಮನಾಯಿತು. ಈ ವರ್ಷ ಒಂದು ಕಾಯಿ ಬಂದಿದೆ. ನಾಳೆ ಸುಗ್ಗಿ ಹಬ್ಬ. ನಿನ್ನೆ ಕೊಯ್ದು ಪಡಸಾಲೆಯಲ್ಲಿ ಇಟ್ಟಿದ್ದೇನೆ.

ಇಷ್ಟು ಹೇಳುವುದರೊಳಗೆ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. "ಸೀದ ವಾಸನಿ ಓಣಿ ತುದಿ ತನಕ ಬಂದೈತಿ. ನಾ ಬರೂತನಕ ತಡೀಬೇಕಿಲ್ಲೇನು?" ಎನ್ನುತ್ತ ದೇವದಾನ ಒಳಗೆ ಬಂದ. ಕುಂಬಳಕಾಯಿಯ ಹತ್ತಿರ ನಿಂತ. ಬಗ್ಗಿ, ಬೆರಳಿಂದ ತಟ್ಟಿ, ಕಿವಿಗೊಟ್ಟು ಕೇಳಿದ.

"ನಾಳೆ ಇಡಾಕೇನು?"

"ಹೂಂ."

"ಸವಾಲಿನ್ಯಾಗ ಏರಸಬೌದೇನು?"

"ಏರಸಬೌದು. ಆದ್ರ ಯಾರದಂತ ಮೊದಲ ಕೇಳಬೇಕು."

ಅವನು ಟಿಕೆಟ್ ಕೇಳುವ ಗತ್ತಿನಲ್ಲಿ ನೆಟ್ಟಗೆ ನಿಂತ. "ಯಾರದಿದು?"

"ಸುಗುಣಾಂದು" ಎಂದೆ. ಒಳಗಿದ್ದ ಸೊಸೆಗೂ ಕೇಳಿಸುವಷ್ಟು ಜೋರಾಗಿಯೇ ಬಂತು ಮಾತು.

"ಹಂಗಾರ ಬಿಡೂ ಮಾತಲ್ಲ" ಎಂದು ಹೇಳಿ, ದೇವದಾನ ಅಂಗಿಯ ತೋಳು ಮಡಚಿಕೊಂಡು ಹಂಚಿನ ಮುಂದೆ ಕುಳಿತ.